ಥರ್ಮನ್ ತಾತನ ಊರು

ಶತೀಲಾ ನಿರಾಶ್ರಿತರ ಕ್ಯಾಂಪ್, ಬೇರೂತ್

ಅಜ್ಜೀ,

ಸಿಕ್ಕಿದ, ನಿನ್ನ ತಮ್ಮ ಸಿಕ್ಕಿದ! ಅವನು ಕರಿಯರ ಚಳವಳಿ ಅಂತ ಓಡಾಡಿದ್ದಕ್ಕೆ ಬೂಟುಕಾಲಿನ ಪೊಲೀಸರು ಮನೆಗೆ ನುಗ್ಗಿ ಥರ್ಮನ್ ತಾತನ ಒಂದು ಫೋಟೋನೂ ಬಿಡದೆ ಹೊತ್ತೊಯ್ದರಲ್ಲ, ಇಲ್ಲಿ ಉಮ್ ಫವ್ವಾಜ್ ಅನ್ನೋ ಮುದುಕಿ ಯುದ್ಧಗಳ ನಡುವೆಯೂ ಕ್ಯಾಂಪಿನ ಫೋಟೋಗಳನ್ನೆಲ್ಲ ಪೆಟ್ಟಿಗೆಯಲ್ಲಿ ಕಾಪಾಡಿದ್ದಾಳೆ. ಅದರಲ್ಲೊಂದು ಫೋಟೋದಲ್ಲಿ, ಈ ಕ್ಯಾಂಪಿನವರ ಜೊತೆ ನಿಲ್ಲೋಕೆ ಬಂದಿದ್ದ ತಾತ ಮರಳಿನ ಚೀಲ ಹೊತ್ತು ನಗ್ತಿದ್ದಾನೆ. ಹಿಂದೆ ಬರೆದಿದೆ: "ಥರ್ಮನ್. ಊರು ಲುಬ್ಯಾ."

ಲುಬ್ಯಾ ಅಂದ್ರೆ ಪ್ಯಾಲೆಸ್ಟೈನಿನಲ್ಲಿ ಇವರನ್ನ ಯಾವ ಊರಿಂದ ಓಡಿಸಿದರೋ ಆ ಊರು. "ತಪ್ಪು ಬರೆದಿದ್ದೀರಿ, ನಮ್ಮದು ಅಮೆರಿಕದ ಡೆಟ್ರಾಯಿಟ್, ತಿದ್ದಿ" ಅಂದೆ.

ಮುದುಕಿ ರೇಗಿದಳು: "ಬಂದವರನ್ನ ಇಲ್ಲಿ ಮೊದಲು ಕೇಳೋದೇ ನಿಮ್ಮ ಮೂಲ ಊರು ಯಾವುದು ಅಂತ. ನಿನ್ನ ತಾತ, 'ನಮ್ಮವರನ್ನ ಹಡಗಿಗೆ ತುಂಬಿ ಮಾರಿದ್ರು, ಊರಿನ ಹೆಸರೂ ಉಳಿಸಲಿಲ್ಲ' ಅಂದ. ಹಾಗಾದ್ರೆ ನಮ್ಮೂರು ತಗೋ ಅಂದ್ವಿ. ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನೀನ್ಯಾರೇ?"

ಫೋಟೋನ ಹಾಗೇ ಅವಳ ಪೆಟ್ಟಿಗೆಗೆ ವಾಪಸ್ಸಿಟ್ಟೆ.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಸಕ್ಕರೆ ಕಾಯಿಲೆ ಮಾತ್ರೆ ತಪ್ಪಿಸಬೇಡ, ಒಂದು ದಿನ ಈ ಲುಬ್ಯಾ ನೋಡೋದಕ್ಕೆ ನೀನಿರಬೇಕು. ಕರೆಂಟು ಹೋಯ್ತು, ಮುಗಿಸ್ತೀನಿ. ಲಕೋಟೆ ಬೇಕಂತಲೇ ಹಾಕಿಲ್ಲ. ದಾರೀಲಿ ಯಾರ್ಯಾರು ಓದ್ತಾರೋ ಓದ್ಲಿ.

ನಿನ್ನ ಮೊಮ್ಮಗಳು,
ವರ್ನೆಟಾ
ಊರು ಲುಬ್ಯಾ