ಮೂರು ವರ್ಷ ಎರಡು ತಿಂಗಳು

ಹುಲಿಹೈದರ
13 ನವೆಂಬರ್ 2024

ಪ್ರೀತಿಯ ಭವಾನಿ,

ಹೇಗಿದ್ದೀಯವ್ವಾ? ಬೆನ್ನುನೋವು ಇಳಿಯಿತೇ? ಕೂಸಿಗೆ ಐದು ತಿಂಗಳು ತುಂಬಿತು, ಇಷ್ಟರಲ್ಲಿ ಬೋರಲು ಬೀಳಲು ಕಲಿತಿರಬೇಕು. ಅಳಿಯಂದಿರು ಮರಿಸ್ವಾಮಿಯವರು ಫ್ಯಾಕ್ಟರಿಯಿಂದ ಬಂದು ಬಿಸಿ ಊಟ ಮಾಡುತ್ತಾರೆ ತಾನೆ? ಇಲ್ಲಿ ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ಫೋನು ಬಿಟ್ಟು ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ನಿಮ್ಮ ತೋರಣಗಲ್ಲಿನ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಡುತ್ತಾರೆ, ನನ್ನ ದನಿ ಕೇಳುವುದೆಂದರೆ ನಿನ್ನ ಅತ್ತೆಗೆ ಅಷ್ಟು ಪ್ರೀತಿ. ಈ ಸುದ್ದಿಯನ್ನು ಮೊದಲು ನೀನೊಬ್ಬಳೇ ತಿಳಿಯಬೇಕು. ಕೂಸಿನ ಹಾಲಿಗೆ ಸಂಬಂಧಿಸಿದ್ದು.

ಎರಡು ತಿಂಗಳ ಹಿಂದೆ ಕನಕಗಿರಿಯಲ್ಲಿ ರಕ್ತದಾನ ಶಿಬಿರ ನಡೆಯಿತು. ಪ್ರತಿ ವರ್ಷ ನನ್ನ ಬೆರಳು ಚುಚ್ಚಿ, ರಕ್ತ ಕಡಿಮೆ ಇದೆಯೆಂದು ವಾಪಸು ಕಳಿಸುತ್ತಿದ್ದರು. ಊರ ಬಸುರಿಯರಿಗೆಲ್ಲ ಕಬ್ಬಿಣದ ಗುಳಿಗೆ ಕೊಡುವ ಅಂಗನವಾಡಿ ಟೀಚರ್‌ಗೇ ರಕ್ತ ಇಲ್ಲವೆಂದರೆ ಪಕ್ಕದ ಮನೆಯ ಹೊಳಿಯಮ್ಮ ಬಿಡುತ್ತಾಳೆಯೇ? "ಬರೇ ಹಂಚಿದ್ರ ಏರೂದಿಲ್ರಿ ಟೀಚರ್, ನೀವೂ ಒಂದೆರಡು ನುಂಗ್ರಿ" ಎಂದಳು. ನುಂಗಿದೆ. ಈ ಸಲ ಹಿಮೋಗ್ಲೋಬಿನ್ ಹನ್ನೆರಡೂವರೆಯ ಮೇಲೆ ಬಂತು. ಮಲಗಿ ಕೈ ಕೊಟ್ಟು, ಬಿಸ್ಕೀಟು ತಿಂದು, ಹೊಳಿಯಮ್ಮನಿಗೆ ತೋರಿಸಲೆಂದೇ ಪ್ರಮಾಣಪತ್ರ ಹಿಡಿದು ಬಂದೆ. ಅಂದು ಅಲ್ಲಿ ಬೇರೆ ಒಂದು ತಂಡವೂ ಇತ್ತು. ಅಪರೂಪದ ಒಂದು ವೈರಸ್ ರಕ್ತದಾನಿಗಳಲ್ಲಿ ಎಷ್ಟು ಮಂದಿಗಿದೆ ಎಂದು ಲೆಕ್ಕ ಹಾಕುತ್ತಿದ್ದರು. ಒಂದು ಸಣ್ಣ ನಳಿಗೆಯಷ್ಟು ರಕ್ತ ಹೆಚ್ಚಿಗೆ ಕೇಳಿದರು. ಸಹಿ ಮಾಡಿ ಕೊಟ್ಟೆ.

ಹೋದ ವಾರ ಆ ತಂಡದ ಗೋವಿಂದರಾಜ ಕೊಪ್ಪಳಕ್ಕೆ ಕರೆಸಿದ. ತಿಳಿಸಿ ಹೇಳುವುದೇ ಅವನ ಕೆಲಸ, ಒಳ್ಳೆಯ ಹುಡುಗ. "ಅಕ್ಕಾರ, ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಐದೂ ಕಡೆ ಒಂಬತ್ತು ಸಾವಿರ ದಾನಿಗಳ ರಕ್ತ ನೋಡೀವ್ರಿ. ಮೂರು ಮಂದಿಗೆ ಸಿಕ್ಕೈತಿ" ಎಂದ. ಒಂದು ರಾಶಿ ಬಿಳಿಜೋಳದಲ್ಲಿ ಮೂರು ಕರಿ ಕಾಳು. ಒಂದು ಕಾಳು ನಿಮ್ಮ ಅವ್ವ. ಅದಕ್ಕೆ ಎಚ್‌ಟಿಎಲ್‌ವಿ ಎನ್ನುತ್ತಾರೆ. ಎಚ್‌ಐವಿ ಏನೋ ಎಂದುಕೊಂಡು ಅದನ್ನೇ ಕೇಳಿಬಿಟ್ಟೆ. "ಅದರ ಮನಿತನದ್ದ ಖರೇ ಅಕ್ಕಾರ, ಆದ್ರ ಅದಲ್ಲ. ಒಂದ ಮನಿತನ ಅಂದ್ರ ಎಲ್ಲಾರೂ ಕಳ್ಳರ ಇರ್ತಾರೇನ್ರಿ?" ಎಂದು ನಗಿಸಿದ. ಇದು ಬಂದವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲವಂತೆ. ಕೆಲವರಿಗೆ ಮಾತ್ರ ಕಾಲು ಸೋಲಬಹುದು, ಇಲ್ಲವೆ ರಕ್ತದ ಕ್ಯಾನ್ಸರ್ ಬರಬಹುದು. ನನ್ನ ಕಾಲುಗಳು ಇವತ್ತಿಗೂ ದಿನಕ್ಕೆ ಎರಡು ಸಲ ಅಂಗನವಾಡಿಗೆ ಹೋಗಿಬರುತ್ತವೆ. ಕೊಟ್ಟ ರಕ್ತವನ್ನು ಯಾರಿಗೂ ಹಾಕಿಲ್ಲ. ಇನ್ನು ಮುಂದೆ ಕೊಡುವಂತಿಲ್ಲ. ನಿನ್ನ ಅಪ್ಪನ ರಕ್ತವನ್ನೂ ನೋಡಿದರು, ಅವರಿಗಿಲ್ಲ.

ಅಲ್ಲಿ ಒಬ್ಬರು ಲೇಡಿ ಡಾಕ್ಟರೂ ಇದ್ದರು; ಎಲ್ಲಿಂದ ಬಂತು ಎಂದು ಆ ಡಾಕ್ಟರ್ ಬಾಯಿ ಖಚಿತವಾಗಿ ಹೇಳಲಿಲ್ಲ. ನನ್ನ ಅವ್ವನ ಹಾಲಿನಿಂದ ಬಂದಿರಬಹುದು ಎಂದರು. ಅವ್ವನಿಂದ ನನಗೆ ಬಂದದ್ದು ಬೋರಮಾಳ ಸರವೊಂದೇ ಎಂದುಕೊಂಡಿದ್ದೆ, ಇದೂ ಬಂದಿದೆ. ಹೆಚ್ಚು ದಿನ ಕುಡಿದಷ್ಟೂ ಕೂಸಿಗೆ ದಾಟುವ ಸಂಭವ ಹೆಚ್ಚಂತೆ. ಆಮೇಲೆ ಪೆನ್ನು ಹಿಡಿದು, ಮಗಳಿಗೆ ಎಷ್ಟು ದಿನ ಹಾಲು ಕುಡಿಸಿದ್ದೀರಿ ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ತೂಕದ ಬುಟ್ಟಿಯ ಪಕ್ಕ ಕುಂತು ಊರ ತಾಯಂದಿರಿಗೆಲ್ಲ ಹೇಳಿದ ಮಾತು ನಿನಗೂ ಗೊತ್ತು: "ನಮ್ಮ ಭವಾನಿ ಮೂರು ವರ್ಷ ಕುಡದಾಳ, ಆಕಿ ಹಲ್ಲು ನೋಡ್ರಿ, ಹೆಂಗ ಅದಾವ!" ನಿನ್ನ ಬಾಣಂತನದಲ್ಲಿ ಎಣ್ಣೆ ತಿಕ್ಕುತ್ತ ನಿನಗೂ ಅದನ್ನೇ ಹೇಳಿದೆ, ನೀನೂ ಮೂರು ವರ್ಷ ಕುಡಿಸು ಎಂದು. ಆದರೆ ಆ ಕುರ್ಚಿಯ ಮೇಲೆ ಕುಂತಾಗ ನನ್ನ ಬಾಯಿಂದ ಬಂದದ್ದು "ಒಂದೂವರಿ ವರ್ಷ ಇರಬೇಕ್ರಿ". ಅವರು ಬರೆದುಕೊಂಡರು. ನಾನು ಚಪ್ಪಲಿ ಮೆಟ್ಟಿ ಬಸ್‌ ಸ್ಟ್ಯಾಂಡಿಗೆ ನಡೆದೆ.

ಕೂಸಿಗೆ ಉಡದಾರ ಬಿಗಿಯಾಗಿದ್ದರೆ ಸಡಿಲು ಮಾಡು. ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ಹುಲಿಗೆಮ್ಮದೇವಿ ನಿಮ್ಮ ಮೂವರನ್ನೂ ತಂಪಾಗಿಡಲಿ.

ನಿನ್ನ ಅವ್ವ,
ಹುಲಗೆಮ್ಮ

ತಾ.ಕ.: ಟಪಾಲಿನವನು ಹೊರಡುವ ಹೊತ್ತಾಯಿತು, ಮುಖ್ಯ ಮಾತು ಉಳಿದೇಬಿಟ್ಟಿದೆ. ಅಂದು ಗಂಗಾವತಿ ಬಸ್ಸು ಹತ್ತಿ ಟಿಕೆಟ್ ತೆಗೆಸಿದವಳು ಇಳಿದು ಡಾಕ್ಟರ ಹತ್ತಿರ ವಾಪಸು ಹೋದೆ. "ಮೂರು ವರ್ಷ ಎರಡು ತಿಂಗಳ್ರಿ" ಎಂದೆ. ಡಾಕ್ಟರ್ ಬಾಯಿ ಬೈಯಲಿಲ್ಲ, ಹಳೆಯದನ್ನು ಹೊಡೆದು ಹಾಕಿ ಬರೆದುಕೊಂಡರು. ನಿನ್ನ ರಕ್ತ ನೋಡಬೇಕಂತೆ. 26ನೇ ತಾರೀಖು ಮಂಗಳವಾರ ಕೊಪ್ಪಳಕ್ಕೆ ಬಾ, ಬಸ್‌ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ನಿನಗೆ ಇಲ್ಲವೆಂದಾದರೆ ಮನಸಾರೆ ಕುಡಿಸು. ಇದ್ದರೆ ಹಾಲು ಯಾವಾಗ ಬಿಡಿಸಬೇಕೆಂದು ಅವರು ಹೇಳುತ್ತಾರೆ, ಅಲ್ಲಿಯವರೆಗೆ ನೀನಾಗಿ ಬಿಡಿಸಬೇಡ. ಮರಿಸ್ವಾಮಿಯವರಿಗೆ ಈ ಕಾಗದ ತೋರಿಸು. ಎಷ್ಟು ವರ್ಷ ಕುಡಿದಿದ್ದೀಯ ಎಂದು ಯಾರು ಕೇಳಿದರೂ ಸರಿಯಾದ ಲೆಕ್ಕ ಹೇಳು. ಅವ್ವನ ಮಾನ ಉಳಿಸಲೆಂದು ಒಂದು ದಿನವನ್ನೂ ಕಡಿಮೆ ಮಾಡಬೇಡ.