ಗುರುತುಚೀಟಿ ಕೇಳದ ಕಣಗಳು

ಪ್ರಯೋಗಾಲಯದ ಕ್ಯಾಂಟೀನು, ಮಾರ್ಚ್ ೧೨

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ದುಡಿಯುವವನಿಗೆ ಮಾತ್ರೆ ನುಂಗು ಎಂದರೆ ಸಿಟ್ಟು ಬರುತ್ತದೆ, ಆದರೂ ನುಂಗು. ಅಕ್ಕ ಇವತ್ತು ಗೆಲುವಾಗಿದ್ದಾಳೆ. ಆಸ್ಪತ್ರೆಯ ಹಾಸಿಗೆಯಲ್ಲೇ ಕೂತು ನರ್ಸಮ್ಮನ ಕೋಟಿಗೆ ಗುಂಡಿ ಹೊಲಿದುಕೊಟ್ಟಳು. ದರ್ಜಿಯ ಕೈ ಸುಮ್ಮನಿದ್ದೀತೇ?

ಅವಳ ರಕ್ತದ ಕ್ಯಾನ್ಸರಿಗೆ ಮದ್ದಾಗಬೇಕಿದ್ದ ನಿನ್ನ ಅಸ್ಥಿಮಜ್ಜೆ ಅವಳಿಗೆ ಹೊಂದುವುದಿಲ್ಲವೆಂದು ತಿಳಿದ ದಿನ ಮೆಟ್ಟಿಲ ಮೇಲೆ ಕುಸಿದು ಕೂತು, "ಒಡಹುಟ್ಟಿದೋನಾಗಿ ಏನು ಬಂತು?" ಅಂದೆಯಲ್ಲ, ಅದಿನ್ನೂ ನನ್ನ ಕಿವಿಯಲ್ಲಿದೆ. ಹಡಗು ಹತ್ತುವ ಮುಂಚೆ ನಮ್ಮ ಪ್ರಯೋಗಾಲಯಕ್ಕೆ ಒಂದಿಷ್ಟು ರಕ್ತ ಕೊಟ್ಟಿದ್ದೆ, ನೆನಪಿದೆಯೇ? ಅದರೊಳಗಿನ ಗಾಮಾ ಡೆಲ್ಟಾ ಟಿ ಎಂಬ ಬಿಳಿ ಕಣಗಳನ್ನು ನಾವು ಬೆಳೆಸಿದೆವು. ಮೈಯ ಬಹುಪಾಲು ಕಾವಲು ಕಣಗಳು ಎದುರಿನ ಜೀವಕೋಶದ ಗುರುತುಚೀಟಿ ನೋಡಿಯೇ ಕೈ ಮಾಡುತ್ತವೆ. ಕ್ಯಾನ್ಸರ್ ಕೋಶ ಚೀಟಿಯನ್ನೇ ಬಚ್ಚಿಟ್ಟು ಪಾರಾಗುವುದುಂಟು. ಇವು ಚೀಟಿ ಕೇಳುವುದಿಲ್ಲ. ಹದ್ದುಮೀರಿ ಬೆಳೆಯುವ ಕೋಶದೊಳಗೆ ಒಂದು ಬಗೆಯ ರಾಸಾಯನಿಕ ತುಂಬಿಕೊಳ್ಳುತ್ತದೆ. ಅದು ಕೋಶದ ಹೊರಪೊರೆಯಲ್ಲಿ ನಾಟಿಕೊಂಡ ಪ್ರೋಟೀನಿನ ಒಳತುದಿಗೆ ಅಂಟಿದರೆ ಹೊರತುದಿಯೂ ಬದಲಾಗುತ್ತದೆ. ಅದನ್ನು ತಡವಿಯೇ ಇವು ಒಳಗಿನ ಕೆಡುಕನ್ನು ಅರಿಯುತ್ತವೆ. ಹಾಗಾಗಿ ಒಬ್ಬರ ಕಣಗಳನ್ನು ಇನ್ನೊಬ್ಬರಿಗೆ ಕೊಡಲು ಮಜ್ಜೆಯಷ್ಟು ಹೊಂದಾಣಿಕೆ ಬೇಕಿಲ್ಲ.

ಹೋದ ವಾರ ಅಕ್ಕನ ಕ್ಯಾನ್ಸರ್ ಕೋಶಗಳ ನಡುವೆ ನಿನ್ನ ಕಣಗಳನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೊದಲು ಸುಮ್ಮನೆ ತೇಲಾಡಿದವು, ಬೆಳಗ್ಗೆ ಎದ್ದ ನಿನ್ನ ಹಾಗೇ. ಆಮೇಲೆ ಒಂದು ಹೋಗಿ ಅಂಟಿಕೊಂಡಿತು, ಬಿಡಲೇ ಇಲ್ಲ. ಆ ಕೋಶ ಉಬ್ಬಿ ಒಡೆಯಿತು. ಯಾವತ್ತೂ ನಗದ ನಮ್ಮ ಮೇಡಂ ಮುಖ ಅರಳಿಸಿ, "ಯಾರದಮ್ಮ ಇದು?" ಅಂದರು. "ನಮ್ಮಣ್ಣಂದು" ಅಂದೆ.

ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲೂ ಗೆಲ್ಲುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಅಕ್ಕನಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು, "ಅವನು ಯಾವಾಗ್ಲೂ ಬರೋದು ತಡ, ಬಂದ್ಮೇಲೆ ಗಟ್ಟಿ" ಅಂದಳು. ಎಷ್ಟೋ ದಿನದ ಮೇಲೆ ತಾನಾಗಿಯೇ ಊಟ ಕೇಳಿದಳು.

ಹೊತ್ತಿಗೆ ಸರಿಯಾಗಿ ಉಣ್ಣು, ಎಣ್ಣೆ ಕೈಯಲ್ಲಿ ಕಣ್ಣು ಉಜ್ಜಬೇಡ. ಕಡಲು ನಿನ್ನನ್ನು ಜೋಪಾನವಾಗಿಡಲಿ.

ನಿನ್ನ ತಂಗಿ,
ಚೂಟಿ

ಮುಖ್ಯವಾದದ್ದೇ ಬಿಟ್ಟುಹೋಯಿತು: ವೈದ್ಯರ ಮಂಡಳಿ ಇವತ್ತು ಈ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಪ್ಪಿತು, ಅಕ್ಕನೂ ಒಪ್ಪಿದಳು. ದಾನಿ ನೀನೇ. ಮೊದಲು ಸಿಕ್ಕ ಬಂದರಿನಲ್ಲಿ ಇಳಿದು ಬಾ. ಕ್ಯಾಪ್ಟನ್ನರ ಜೊತೆ ಆಸ್ಪತ್ರೆಯವರು ಮಾತಾಡಿದ್ದಾರೆ. ಮೊದಲು ಕೊಟ್ಟದ್ದು ಪರೀಕ್ಷೆಗೇ ಮುಗಿಯಿತು, ಚಿಕಿತ್ಸೆಗೆ ತಾಜಾ ರಕ್ತವೇ ಬೇಕಂತೆ, ಅಣ್ಣಾ.