ಕಾವಲಿಗೆ ಮೊದಲ ಮಂದೆ

ಜಗಳೂರು ತಾಲ್ಲೂಕು, ನಮ್ಮ ಹಟ್ಟಿ
೨-೭-೧೯೮೩

ಪ್ರೀತಿಯ ಅಪ್ಪಾ,

ಮುಳ್ಳು ಚುಚ್ಚಿದ ಕಾಲು ಈಗ ಹೆಂಗೈತೆ? ಹೊನ್ನಾಳಿ ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ತಿರುಗಬ್ಯಾಡ ಅಂದ್ರೆ ನೀನು ಕೇಳೋನಲ್ಲ. ಕುರಿಗಳು, ಅದರಲ್ಲೂ ನಮ್ಮ ಮೊಂಡುಗಿವಿ ಟಗರು, ಸುಖವಾಗಿವೆಯಾ? ಇಲ್ಲಿ ನಾವು ಆರಾಮ. ಇದನ್ನು ಓದಿ ಹೇಳೋ ವಿರೂಪಾಕ್ಷಪ್ಪನವರಿಗೆ ನಮಸ್ಕಾರ. ನಿಮ್ಮ ಗದ್ದೆಗೆ ಗೊಬ್ಬರ ಆಗ್ಲಿ ಅಂತ ನಮ್ಮ ಕುರಿಗಳನ್ನ ರಾತ್ರಿ ಅಲ್ಲೇ ತರುಬಿಸಿಕೊಂಡಿದ್ದೀರಿ, ಅದಕ್ಕಾದರೂ ಒಂದಕ್ಷರ ಬಿಡದೆ ಓದ್ರಿ.

ಅಪ್ಪಾ, ಹುಲ್ಲು ಬಂತು. ಹೋದ ವರ್ಷ ಕಾಲೇಜಿನ ಕೆಲಸ ಅಂತ ನಾನು ಊರೆಲ್ಲ ಕುರಿ ಮೇಯಿಸೋ ಕಾವಲಿನ ಒಂದು ಮೂಲೆಗೆ ಜಾಲಿಮುಳ್ಳಿನ ಬೇಲಿ ಹಾಕಿದಾಗ ಊರೆಲ್ಲ ನಕ್ಕಿತ್ತಲ್ಲ. ದನ ಕುರಿ ವಿಷಯ ಓದಾಕೆ ಹೋದವಳು ಬಯಲಿಗೆ ಬೇಲಿ ಹಾಕ್ತಾಳೆ ಅಂತ ನೀನೂ ಮೀಸೆಯೊಳಗೇ ನಕ್ಕಿದ್ದೆ. ಈಗ ಬೇಲಿಯೊಳಗೆ ಕರಡದ ಹುಲ್ಲು ಮೊಣಕಾಲುದ್ದ ಐತೆ. ಹೊರಗೆ ಬರೀ ಗರಸು ಕಲ್ಲು, ಕುರಿ ಮೂಸದ ತಂಗಡಿ ಗಿಡ. ಖುಷಿ ತಡೆಯಲಾರದೆ ಅಲ್ಲೇ ಕೂತು ಅತ್ತುಬಿಟ್ಟೆ ಕಣಪ್ಪ. ಮಳೆ ಬಿದ್ದ ಮೇಲೆ ಹುಲ್ಲು ತೆನೆಬಿಟ್ಟು ಬೀಜ ಉದುರಿಸೋ ತನಕ ಬಾಯಿ ಹಾಕಿಸಬ್ಯಾಡ್ರಿ, ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು ಇಷ್ಟೇ. ನಾವು ಚಿಗುರಲ್ಲೇ ಮೇಯಿಸಿ, ನೆಲದಲ್ಲಿ ಸತ್ವ ಇಲ್ಲ ಅಂತ ಬೈತೀವಿ.

ಮೊನ್ನೆ ಊರವರನ್ನು ಬೇಲಿ ಹತ್ರ ಕರಕೊಂಡು ಹೋಗಿ, ಈ ವರ್ಷ ಬದು, ಕೆರೆಯಂಗಳದಲ್ಲಿ ಮೇಯಿಸಿಕೊಳ್ರಿ, ನವರಾತ್ರಿ ತನಕ ಕಾವಲಿಗೆ ಕುರಿ ಇಳಿಸಬ್ಯಾಡ್ರಿ ಅಂದೆ. ಹುಲ್ಲು ಮುಟ್ಟಿ ನೋಡಿದ್ರು, ಆದ್ರೆ ಒಬ್ಬರೂ ಹೂಂ ಅನ್ನಲಿಲ್ಲ. ನಾನು ಬಿಟ್ಟರೆ ಪಕ್ಕದವನು ಮೇಯಿಸ್ತಾನೆ ಅನ್ನೋ ಭಯ ಎಲ್ಲರಿಗೂ. ಕಡೆಗೆ ಪಾಪಣ್ಣ ದೊಡ್ಡಪ್ಪ, "ಕಾವಲಿಗೆ ಮೊದಲು ಕಾಲಿಡೋದು ನಿಮ್ಮ ಮನೆ ಮಂದೆ, ಅದು ನಮ್ಮ ಹಿರೇರು ಮಾಡಿದ್ದು. ಅದು ಇಳಿಯೋ ತನಕ ಯಾರದೂ ಇಳಿಯಂಗಿಲ್ಲ. ನಿಮ್ಮಪ್ಪನ್ನ ಕೇಳವ್ವ" ಅಂದ. ಆ ಮಾತಿಗೆ ಮಾತ್ರ ಎಲ್ಲರೂ ತಲೆ ಆಡಿಸಿದ್ರು. ನಂಗೆ ಕುಣಿಯೋ ಹಂಗಾತು.

ಬೇಲಿಯೊಳಗಿನ ಹುಲ್ಲಿನ ಒಂದು ಎಸಳು ಇದರ ಜೊತೆ ಇಟ್ಟಿದ್ದೀನಿ, ಅಗಿದು ನೋಡು. ಮೈಲಾರಲಿಂಗ ನಿನ್ನನ್ನೂ ಮಂದೆಯನ್ನೂ ಕಾಯಲಿ.

ನಿನ್ನ ಮಗಳು,
ಅಂಜಮ್ಮ

ಟಪಾಲು ಬಸ್ಸು ಬರೋ ಹೊತ್ತಾತು, ಇದೊಂದು ಬರೆಯಾಕೆ ಧೈರ್ಯ ಇರಲಿಲ್ಲ: ಅಪ್ಪಾ, ಈ ಮಳೆಗಾಲ ಊರಿಗೆ ಬರಬ್ಯಾಡ. ನಮ್ಮ ಮಂದೆ ಬರೋ ತನಕ ಯಾರದೂ ಕಾವಲಿಗೆ ಇಳಿಯಂಗಿಲ್ಲವಲ್ಲ. ಅಲ್ಲಿ ನಾಟಿ ಶುರುವಾಗೋ ಹೊತ್ತಿಗೆ ಮಂದೆ ಹೊಡಕೊಂಡು ನ್ಯಾಮತಿ ಗುಡ್ಡದ ಕಡೆ ಹೋಗು, ನವರಾತ್ರಿಗೆ ಬಾ. ಅವ್ವನಿಗೆ ಇನ್ನೂ ಹೇಳಿಲ್ಲ. ಅವಳು ಪಡಸಾಲೆಯಲ್ಲಿ ನಿನ್ನ ಮಂಚಕ್ಕೆ ಹೊಸ ಹಗ್ಗ ಬಿಗೀತಾ ಕೂತಿದ್ದಾಳೆ.